ಬೋಪಯ್ಯ ಸಾಹುಕಾರರ ಬಿಸಿನೀರಿನ ಕೊಪ್ಪರಿಗೆ

ನನ್ನ ತಮ್ಮನ ಮೊಮ್ಮಗಳು ಸವಿತಾ ಕಕ್ಕಬೆಯ ಹತ್ತಿರ ಒಂದು ಹೋಂಸ್ಟೇಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅಲ್ಲಿ ಅಂಗಳದಲ್ಲೊಂದು ದೊಡ್ಡ ಬಿಸಿನೀರಿನ ಟಬ್ ಇದೆಯಂತೆ. ಬಂದ ಅತಿಥಿಗಳು ಅದರೊಳಗೆ ಕುತ್ತಿಗೆಯವರೆಗೆ ಮುಳುಗಿ ಬೆಟ್ಟ ನೋಡುತ್ತಾರಂತೆ. ಅದನ್ನು ತೊಳೆದು ಸರಿಯಾಗಿ ಇಟ್ಟುಕೊಳ್ಳುವುದು ಇವಳ ಪಾಲಿಗೆ ಬಂದಿದೆ. ಮೊನ್ನೆ ಮನೆಗೆ ಬಂದಾಗ, "ಕಾಲೇಜು ಓದಿ ತೊಟ್ಟಿ ತಿಕ್ಕೋ ಹಂಗಾಯ್ತಲ್ಲ ಅಜ್ಜ" ಅಂತ ಮುಖ ಸಣ್ಣದು ಮಾಡಿದಳು.

"ನಾನು ಜೀವಮಾನ ಪೂರ್ತಿ ಮಾಡಿದ್ದು ಅದೇ ಕೆಲಸ ಕಣವ್ವ" ಅಂದೆ.

ನಂಬಲಿಲ್ಲ. ನಾನು ಎಸ್ಟೇಟಿನಲ್ಲಿ ಏನೋ ಮೆಕ್ಯಾನಿಕ್ ಆಗಿದ್ದೆ ಅಂತಷ್ಟೇ ಅವಳಿಗೆ ಗೊತ್ತು. ಆ ಹೆಸರು ಆಮೇಲೆ ಬಂದದ್ದು. ಹೆಸರು ಬಂದ ಮೇಲೂ ಬೆಳಗಾದರೆ ಕೈಯಲ್ಲಿ ಇರುತ್ತಿದ್ದದ್ದು ತೆಂಗಿನ ನಾರೇ. ಅವಳಿಗೂ ಅವಳಂತೆ ಈ ಕೆಲಸಕ್ಕೆ ಇಳಿಯುವ ಬೇರೆಯವರಿಗೂ ಇರಲಿ ಅಂತ ನೆನಪಿದ್ದಷ್ಟನ್ನು ಬರೆಯುತ್ತಿದ್ದೇನೆ.

ನಾನು ಸುಂಟಿಕೊಪ್ಪದ ಹತ್ತಿರದ ಆ ಕಾಫಿ ಎಸ್ಟೇಟಿಗೆ ಸೇರುವಾಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲ ಆಗಿರಲಿಲ್ಲ. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿದವನು. ಗದ್ದೆ ಕೆಲಸಕ್ಕೆ ಮನೆಯಲ್ಲಿ ಅಣ್ಣಂದಿರು ಸಾಕಷ್ಟಿದ್ದರು, ಊಟಕ್ಕೆ ಕೂತರೆ ಇನ್ನೂ ಸಾಕಷ್ಟಿದ್ದರು. ಹಾಗಾಗಿ ನನ್ನನ್ನು ಬಸ್ಸು ಹತ್ತಿಸಿದರು.

ಎಸ್ಟೇಟನ್ನು ಮೊದಲು ಕಟ್ಟಿದ್ದು ಒಬ್ಬ ಬಿಳಿ ದೊರೆ. ಅವನಿಗೆ ಮಂಡಿನೋವು. ಬಂಗಲೆಯ ಹಿಂದೆ ನೆಲ ತೋಡಿಸಿ, ನಾಲ್ಕು ಜನ ಸುತ್ತ ಕೂರುವಷ್ಟು ದೊಡ್ಡದೊಂದು ದುಂಡನೆಯ ಕಲ್ಲಿನ ತೊಟ್ಟಿ ಕಟ್ಟಿಸಿದ್ದ. ಒಳಗೆ ಕೂರಲು ಮೆಟ್ಟಿಲು, ಮೇಲೆ ಹೆಂಚಿನ ಮಾಡು. ಗೋಡೆಯಾಚೆ ಕಬ್ಬಿಣದ ಬಾಯ್ಲರು. ಅದರ ಹೊಟ್ಟೆಗೆ ಸೌದೆ ಹಾಕಿದರೆ ತೊಟ್ಟಿಯ ತಣ್ಣೀರು ಕೆಳಗಿನ ಪೈಪಿನಲ್ಲಿ ಹೋಗಿ, ಕಾದು, ಮೇಲಿನ ಪೈಪಿನಲ್ಲಿ ತಾನಾಗಿಯೇ ವಾಪಸು ಬರುತ್ತಿತ್ತು. ದೊರೆ ತೋಟ ಮಾರಿ ಹಡಗು ಹತ್ತಿದ. ತೊಟ್ಟಿ ಬೋಪಯ್ಯ ಸಾಹುಕಾರರ ಪಾಲಿಗೆ ಬಂತು. ಲೈನ್ ಮನೆಗಳಲ್ಲಿದ್ದ ತೋಟದ ಆಳುಗಳು ಅದನ್ನು ಕೊಪ್ಪರಿಗೆ ಅನ್ನುತ್ತಿದ್ದರು. ಯಮಲೋಕದಲ್ಲಿ ಪಾಪಿಗಳನ್ನು ಬೇಯಿಸುತ್ತಾರಲ್ಲ, ಆ ಕೊಪ್ಪರಿಗೆ.

ನಾನು ಕೇಳಿಕೊಂಡು ಹೋದದ್ದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಕೆಲಸ. ಸಾಹುಕಾರರು ಜಗಲಿಯಲ್ಲಿ ನಿಂತು ನನ್ನ ಮುಖ ನೋಡಲೇ ಇಲ್ಲ, ಕೈ ನೋಡಿದರು.

"ಕೈ ಚಾಚು."

ಚಾಚಿದೆ.

"ಇಷ್ಟುದ್ದ ಕೈ ಯಾಕೆ ನಿನಗೆ?"

"ಹುಟ್ಟಿದಾಗಿಂದ್ಲೂ ಹಿಂಗೇ ಸಾಹುಕಾರ್ರೆ" ಅಂದೆ.

ಹಿಂದಕ್ಕೆ ಕರೆದುಕೊಂಡು ಹೋಗಿ ಖಾಲಿ ತೊಟ್ಟಿಗೆ ಇಳಿಸಿ, ಪೈಪಿನೊಳಗೆ ಕೈ ಹಾಕಿಸಿದರು. ಹೆಗಲವರೆಗೆ ಹೋಯಿತು. ಒಳಗೆ ಮೆತ್ತಗೆ ಏನೋ ಸಿಕ್ಕಿತು. ಎಳೆದೆ. ಒಂದು ಕಾಲುಚೀಲ. ದೊರೆಯ ಕಾಲದ್ದು, ಉಣ್ಣೆಯದ್ದು.

"ಇದರಿಂದ್ಲೇ ಆರು ತಿಂಗಳಿಂದ ಈ ನೀರು ಬಿಸಿ ಆಗ್ತಾ ಇರ್ಲಿಲ್ಲ! ನಾಳೆಯಿಂದ ಬಾ" ಅಂದರು. ನನ್ನ ಸಂದರ್ಶನ ಅಷ್ಟೇ.

ತೊಟ್ಟಿ ತುಂಬಿಸಿ ಕಾಯಿಸಿ ವಾರವಾದ ಮೇಲೆ ಮೊದಲ ಸಲ ಹಳೆಯ ನೀರು ಬಿಡಬೇಕಾಯಿತು. ಬೆಂಕಿ ಆರಿಸಿ ನೀರು ತಣಿಯುವವರೆಗೆ ಕಾಯಬೇಕು ಅಂತ ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಬಿರಡೆ ಕಿತ್ತೆ. ತೊಟ್ಟಿಯ ಮೋರಿ ಹೋಗಿ ಸೇರುತ್ತಿದ್ದದ್ದು ಸಾಹುಕಾರರ ಹೆಂಡತಿ ಬೊಳ್ಳಮ್ಮನವರ ಹುರುಳಿಕಾಯಿ ಪಾತಿಗೆ. ಹೊಗೆಯಾಡುತ್ತ ಬಿಸಿನೀರು ಹೋಗಿ ಸಾಲು ಸಾಲು ಬಳ್ಳಿಯ ಬುಡದಲ್ಲಿ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಪಾತಿಯೆಲ್ಲ ತಲೆ ಬಗ್ಗಿಸಿತ್ತು. ಬೊಳ್ಳಮ್ಮ ಬಂದು ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದರು. ಬೈತಾರೆ ಅಂತ ನಾನು ಬಾಯ್ಲರ್ ಹಿಂದೆ ನಿಂತಿದ್ದೆ.

"ಕುಞಿರಾಮಾ" ಅಂತ ಅಡಿಗೆಯವನನ್ನು ಕರೆದರು. "ಬೀನ್ಸ್ ಕಿತ್ಕೊಂಡು ಹೋಗು. ಬೇಯ್ಸೋ ಕೆಲಸ ಹೊಸ ಹುಡುಗ ಮಾಡಿ ಕೊಟ್ಟಿದ್ದಾನೆ. ನೀನು ಒಗ್ಗರಣೆ ಹಾಕಿದ್ರೆ ಸಾಕು."

ಆಗಿನ ವಿಧಾನ ಹೇಳಿಬಿಡುತ್ತೇನೆ. ಖಾಲಿ ಮಾಡಿದ ತೊಟ್ಟಿಗೆ ಬರಿಗಾಲಿನಲ್ಲಿ ಇಳಿಯಬೇಕು. ಜಾರುವ ಜಾಗ ಯಾವುದು ಅಂತ ಕಣ್ಣಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತದೆ. ಜರಡಿ ಹಿಡಿದ ಬೂದಿ, ಇಟ್ಟಿಗೆಪುಡಿ, ತೆಂಗಿನ ನಾರು. ಸೋಪು ಮಾತ್ರ ಮುಟ್ಟಬಾರದು. ಕಲ್ಲಿನ ಸಂದಿಯಲ್ಲಿ ಸೋಪು ಉಳಿದರೆ ನೀರು ಕಾಯುವಾಗ ನೊರೆ ಎದ್ದು, ಅತಿಥಿ ಹಾಲಿನಲ್ಲಿ ಕೂತ ಹಾಗೆ ಕಾಣುತ್ತಾನೆ. ಆಮೇಲೆ ಪೈಪಿಗೆ ಕೈ. ಕಪ್ಪೆ, ಎಲೆ, ಹೇರ್‌ಪಿನ್ನು, ಒಮ್ಮೆ ಒಬ್ಬರ ಹಲ್ಲಿನ ಸೆಟ್ಟು. ಎಲ್ಲಾ ಕೈಗೆ ಸಿಕ್ಕಿವೆ.

ಇದೆಲ್ಲ ಕಷ್ಟವಲ್ಲ. ಕಷ್ಟದ ಕೆಲಸ ಒಂದೇ: ದೊಡ್ಡ ಮನುಷ್ಯರ ಹತ್ತಿರ ಹೋಗಿ "ಮೊದಲು ಮೈ ತೊಳ್ಕೊಂಡು ಆಮೇಲೆ ಇಳಿಯಿರಿ" ಅನ್ನೋದು. ನಾನು ಅದನ್ನು ಹಲವು ರೀತಿಯಲ್ಲಿ ಹೇಳಿ ನೋಡಿದ್ದೇನೆ. ಕೈಕಟ್ಟಿ ಹೇಳಿದ್ದೇನೆ, ಬಾಗಿಲ ಸಂದಿಯಿಂದ ಹೇಳಿದ್ದೇನೆ, ಬೇರೆ ಯಾರಿಗೋ ಹೇಳುವ ಹಾಗೆ ಗೋಡೆಗೆ ಹೇಳಿದ್ದೇನೆ. ಕೇಳಿದವರು ಕಡಿಮೆ.

ರಾಜ್ಯ ಒಂದಾದ ಮೇಲೆ ಮೈಸೂರು ಕಡೆಯಿಂದ ಹೊಸ ಹೊಸ ಅಧಿಕಾರಿಗಳು ಮಡಿಕೇರಿಗೆ ವರ್ಗವಾಗಿ ಬರುತ್ತಿದ್ದರು. ಬಂದವರಿಗೆಲ್ಲ ಚಳಿ. ಬೋಪಯ್ಯನವರ ಮನೆಯಲ್ಲಿ ಬಿಸಿನೀರಿನ ಕೊಳ ಇದೆ ಅಂತ ಸುದ್ದಿ ತಿಳಿದು ಭಾನುವಾರ ಜೀಪು ಬಂದು ನಿಲ್ಲುತ್ತಿತ್ತು. ಅವರಲ್ಲಿ ಒಬ್ಬರು ಸ್ಥೂಲಕಾಯದ, ಬಹಳ ಗಂಭೀರ ಮನುಷ್ಯರು. ದೀಪಾವಳಿಗೆ ಊರಿಗೆ ಹೋಗಲು ರಜೆ ಸಿಗಲಿಲ್ಲವಂತೆ. ಎಣ್ಣೆಸ್ನಾನ ಇಲ್ಲೇ ಆಗಲಿ ಅಂತ ಬಂದರು. ನೆತ್ತಿಯಿಂದ ಪಾದದವರೆಗೆ ಎಳ್ಳೆಣ್ಣೆ ಹಚ್ಚಿಕೊಂಡು ಮಿರಿಮಿರಿ ಮಿಂಚುತ್ತ ಕೊಪ್ಪರಿಗೆಯ ಕಡೆ ನಡೆದರು.

"ಸ್ವಾಮೀ, ಪಕ್ಕದ ಬಚ್ಚಲಲ್ಲಿ ಸೀಗೆಪುಡಿ ಇಟ್ಟಿದೀನಿ. ಎಣ್ಣೆ ಬಿಡಿಸ್ಕೊಂಡು..."

"ಏನಯ್ಯಾ, ನನಗೆ ಸ್ನಾನ ಮಾಡೋದು ಹೇಳ್ಕೊಡ್ತೀಯಾ?"

ಇಳಿದರು. ಆಹಾ ಅಂದರು. ನಾನು ಸೌದೆ ಹಾಕಲು ಹೋದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬೇರೆ ತರಹದ ಸದ್ದು ಬಂತು. ಹೋಗಿ ನೋಡಿದರೆ ನೀರಿನ ಮೇಲೆಲ್ಲ ಎಣ್ಣೆ, ಮೆಟ್ಟಿಲ ಮೇಲೆ ಎಣ್ಣೆ, ಅಂಚಿನ ಮೇಲೆ ಎಣ್ಣೆ. ಸ್ವಾಮಿಗಳು ಎದ್ದು ನಿಲ್ಲಲು ಹೋಗುತ್ತಾರೆ, ಜಾರಿ ಕೂರುತ್ತಾರೆ. ಅಂಚು ಹಿಡಿಯುತ್ತಾರೆ, ಕೈ ಜಾರುತ್ತದೆ. ಅಷ್ಟು ಗಂಭೀರ ಮನುಷ್ಯರು ತೊಟ್ಟಿಯ ಸುತ್ತ ಮೀನಿನ ಹಾಗೆ ಒಂದು ಪ್ರದಕ್ಷಿಣೆ ಬಂದರು. ನಾನು ಕೈ ಕೊಟ್ಟೆ. ಸಾಬೂನಿನ ಬಿಲ್ಲೆಯಂತೆ ಜಾರಿ ಹೋಯಿತು. ಕುಞಿರಾಮ ಬಂದ. ತಲಶ್ಶೇರಿ ಕಡೆಯ ಮಲಯಾಳಿ ಅವನು, ಅಡಿಗೆಮನೆಯ ಬಟ್ಟೆ ಹೆಗಲ ಮೇಲೆ ಹಾಕಿಕೊಂಡೇ ಬಂದ.

"ಚಾಕ್ ಕೊಂಡ ನಂಜಾ, ಚಾಕ್!" ಅಂದ. ಚಾಕ್ ಅಂದರೆ ಗೋಣಿಚೀಲ, ಕೊಂಡ ಅಂದರೆ ತಾ, ನಂಜ ಅಂದರೆ ನಾನು.

ಕಾಫಿಯ ಗೋಣಿಚೀಲ ಎರಡು ತಂದು ಸ್ವಾಮಿಗಳ ಕಂಕುಳಡಿ ಸುತ್ತಿ, ಆಚೆ ಒಬ್ಬ ಈಚೆ ಒಬ್ಬ ನಿಂತು ಎಳೆದೆವು. ಮೇಲೆ ಬಂದವರು ನಮ್ಮ ಕಡೆ ನೋಡದೆ, "ನೀರು ಹದವಾಗಿತ್ತು" ಅಂತ ಹೇಳಿ ಬಟ್ಟೆ ಹಾಕಿಕೊಂಡರು. ತೊಟ್ಟಿಯ ಎಣ್ಣೆ ಬಿಡಿಸಲು ನನಗೆ ವಾರ ಹಿಡಿಯಿತು.

ಇನ್ನು ಕರ್ನಲ್ ಸಾಹೇಬರ ಮೀಸೆಯ ವಿಷಯ. ಇದನ್ನು ಜನ ನಾನಾ ತರ ಹೇಳುತ್ತಾರೆ. ನಾನು ಕಂಡದ್ದು ಹೀಗೆ.

ಸಾಹುಕಾರರಿಗೆ ಒಬ್ಬಳೇ ಮಗಳು, ಪೊನ್ನಮ್ಮ. ಮಡಿಕೇರಿಯಲ್ಲಿ ಕಾಲೇಜು ಮುಗಿಸಿ ಮನೆಯಲ್ಲಿದ್ದಳು. ಮನಸ್ಸಿಗೆ ಬಂದದ್ದು ಬಾಯಿಗೆ ಬರುತ್ತಿತ್ತು. ಈ ಕಾರಣಕ್ಕೆ ಒಂದೆರಡು ಸಂಬಂಧ ಆಗಲೇ ತಪ್ಪಿತ್ತು. ಆಗ ಶ್ರೀಮಂಗಲದ ಕರ್ನಲ್ ಉತ್ತಯ್ಯನವರು ತಮ್ಮ ಮಗನಿಗೆ ಹೆಣ್ಣು ನೋಡಲು ಬರುತ್ತೇವೆ, ನಾಲ್ಕು ದಿನ ಇದ್ದು ಹೋಗುತ್ತೇವೆ ಅಂತ ಹೇಳಿಕಳಿಸಿದರು. ಕರ್ನಲ್ ಬರ್ಮಾ ಯುದ್ಧದಲ್ಲಿ ಮಂಡಿಗೆ ಪೆಟ್ಟು ತಿಂದವರು. ಅವರ ಮೀಸೆ ಇಡೀ ಕೊಡಗಿಗೆ ಗೊತ್ತು. ಹಾಲಿನಷ್ಟು ಬಿಳಿ, ಕೆನ್ನೆ ದಾಟಿ ಕಿವಿಯ ಕಡೆ ಹೊರಟ ಮೀಸೆ. ಮಗ ಸೋಮಯ್ಯನೂ ಸೈನ್ಯದಲ್ಲಿ ಕ್ಯಾಪ್ಟನ್. ಈ ಸಂಬಂಧವೂ ತಪ್ಪಿದರೆ ಅನ್ನುವ ಚಿಂತೆಯಲ್ಲಿ ಬೊಳ್ಳಮ್ಮನಿಗೆ ನಿದ್ದೆ ಇಲ್ಲ.

ಅದು ಮಳೆ ಬಿಡುವ ಕಾಲ. ಕೊಪ್ಪರಿಗೆಯ ತುಂಬಾ ಪಾಚಿ. ಬೆಳಗ್ಗೆ ತಿಕ್ಕಿದರೆ ಸಂಜೆಗೆ ಮತ್ತೆ ಜಾರುತ್ತಿತ್ತು. ಸಾಹುಕಾರರು ತೋಟದಿಂದ ಬಂದರು. ಎಲೆರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿ ಕಾಫಿಗೆ ಹೊಡೆಸುತ್ತಿದ್ದರು. ಟೋಪಿ, ಬೂಟು ಎಲ್ಲಾ ನೀಲಿ.

"ಗಿಡದ ರೋಗಕ್ಕೆ ಆಗ್ತದೆ ಅಂದ್ರೆ ಪಾಚಿಗೆ ಯಾಕೆ ಆಗೋದಿಲ್ಲ?" ಅಂದರು. "ಮೈಲುತುತ್ತು ಹಾಕು ನಂಜ."

"ಎಷ್ಟು ಹಾಕ್ಲಿ ಸಾಹುಕಾರ್ರೆ?"

"ಧಾರಾಳವಾಗಿ ಹಾಕು. ಬರೋರು ನಮ್ಮ ಬೀಗರು."

ಹಾಕಿದೆ. ಪಾಚಿ ಸತ್ತಿತು, ಸುಳ್ಳು ಹೇಳಬಾರದು. ನೀರು ಎಂಥಾ ನೀಲಿ ಆಯಿತು ಅಂದರೆ, ಮಾಡಿನ ಹೆಂಚಿನಲ್ಲೂ ಅದರ ಬಣ್ಣ ಆಡುತ್ತಿತ್ತು. ಸಾಹುಕಾರರು ಕಣ್ಣು ತುಂಬ ನೋಡಿ, "ಕಾಶ್ಮೀರದ ಸರೋವರ ಇದ್ದ ಹಾಗೆ ಉಂಟು. ಯಾರೂ ಇದನ್ನು ಖಾಲಿ ಮಾಡಬಾರದು" ಅಂತ ಆಜ್ಞೆ ಮಾಡಿದರು.

ಕರ್ನಲ್ ಬಂದವರೇ ಕೊಪ್ಪರಿಗೆ ಮೆಚ್ಚಿದರು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಇಳಿಯುತ್ತಿದ್ದರು. ಕೂರುವ ರೀತಿಯೂ ವಿಚಿತ್ರ: ಮೂಗಿನವರೆಗೆ ಮುಳುಗಿ, ಕಣ್ಣು ಮುಚ್ಚಿ, ಮೊಸಳೆಯ ಹಾಗೆ. ಮೀಸೆ ಮಾತ್ರ ನೀರಿನ ಮೇಲೆ ಎರಡೂ ಕಡೆ ತೇಲುತ್ತಿತ್ತು. ಎರಡನೇ ದಿನ ಸಂಜೆ ಮೀಸೆಯ ತುದಿ ಸ್ವಲ್ಪ ತಿಳಿಹಸಿರು ಕಂಡಿತು. ದೀಪದ ಬೆಳಕು ಇರಬೇಕು ಅಂದುಕೊಂಡೆ. ಮೂರನೇ ದಿನ ಬೆಳಗ್ಗೆ ಅವರು ಸ್ನಾನ ಮುಗಿಸಿ, ಮೀಸೆ ಹುರಿ ಮಾಡಿಕೊಂಡು, ಜಗಲಿಯ ಬೆತ್ತದ ಕುರ್ಚಿಯಲ್ಲಿ ಬಂದು ಕೂತರು. ಬಿಸಿಲು ನೇರ ಮುಖದ ಮೇಲೆ ಬಿತ್ತು.

ಕುಞಿರಾಮ ಕಾಫಿ ತಂದವನು ಹೊಸ್ತಿಲಲ್ಲೇ ನಿಂತ. "ಅಯ್ಯೋ, ಪಚ್ಚ" ಅಂತ ಉಸಿರಿನಲ್ಲೇ ಅಂದು ಹಾಗೇ ಹಿಂದಕ್ಕೆ ಹೆಜ್ಜೆ ಹಾಕಿಕೊಂಡು ಅಡಿಗೆಮನೆಗೆ ಹೋದ. ಪಚ್ಚ ಅಂದರೆ ಹಸಿರು. ಭತ್ತದ ಸಸಿಮಡಿಯ ಹಸಿರು.

ಜಗಲಿಯಲ್ಲಿ ಸಾಹುಕಾರರು, ಬೊಳ್ಳಮ್ಮ, ಕ್ಯಾಪ್ಟನ್ ಸೋಮಯ್ಯ ಎಲ್ಲರೂ ಇದ್ದರು. ಎಲ್ಲರೂ ಕಂಡರು. ಸಾಹುಕಾರರು ಮೆಣಸಿನ ಫಸಲಿನ ಬಗ್ಗೆ ಜೋರಾಗಿ ಮಾತು ಶುರುಮಾಡಿದರು. ಕ್ಯಾಪ್ಟನ್ ತನ್ನ ಬೂಟು ನೋಡುತ್ತಿದ್ದ. ಬೊಳ್ಳಮ್ಮ ನನ್ನನ್ನು ಒಳಗೆ ಕರೆದು, "ಮನೆಯ ಕನ್ನಡಿ ಎಲ್ಲಾ ತೆಗಿ, ಬೇಗ" ಅಂದರು. ನಾನು ಒಂದೊಂದೇ ಕನ್ನಡಿ ಇಳಿಸಿ ಮಂಚದಡಿ ಸೇರಿಸುತ್ತಿದ್ದೆ. ಅಷ್ಟರಲ್ಲಿ ಪೊನ್ನಮ್ಮ ಹೊರಗೆ ಬಂದಳು. ಬಂದವಳು ಒಂದು ಸಲ ನೋಡಿದಳು. ಆ ನಗು ಪಲ್ಪರ್ ಮನೆಯವರೆಗೆ ಕೇಳಿಸಿತಂತೆ.

"ಯಾಕೆ ನಗ್ತೀಯ ಮಗಳೇ?" ಅಂತ ಕರ್ನಲ್ ಕೇಳಿದರು.

"ಅಂಕಲ್, ನಿಮ್ಮ ಮೀಸೆ ಹಸಿರಾಗಿದೆ. ಗಿಳಿ ಹಾಗೆ."

ಕರ್ನಲ್ ಕನ್ನಡಿ ಕೇಳಿದರು. ಮಂಚದಡಿಯಿಂದ ಒಂದು ತಂದು ಕೊಟ್ಟೆ. ಬಹಳ ಹೊತ್ತು ನೋಡಿದರು. ಎಡಗಡೆ ತಿರುಗಿ ನೋಡಿದರು, ಬಲಗಡೆ ತಿರುಗಿ ನೋಡಿದರು. ಆಮೇಲೆ ಕೂಗಿದರು ನೋಡಿ, ಮರದ ಮೇಲಿದ್ದ ಕಾಗೆ ಎಲ್ಲಾ ಎದ್ದವು.

"ಆ ನೀರಿಗೆ ಏನು ಹಾಕಿದ್ದೀರಿ?"

ಎಲ್ಲರೂ ನನ್ನ ಕಡೆ ನೋಡಿದರು. "ಮೈಲುತುತ್ತು ಸಾರ್" ಅಂದೆ.

"ಯಾರು ಹಾಕಲಿಕ್ಕೆ ಹೇಳಿದ್ದು?"

ಅಪ್ಪನ ಮನೆಗೆ ವಾಪಸು ಹೋದರೆ ಅಣ್ಣಂದಿರು ಏನನ್ನುತ್ತಾರೆ ಅಂತ ಲೆಕ್ಕ ಹಾಕುತ್ತಿದ್ದೆ. ನಾನಾಗಿ ತಿಳಿಯದೆ ಹಾಕಿದೆ ಅಂತ ಸಾಹುಕಾರರು ಒಂದು ಮಾತು ಹೇಳಿದ್ದರೆ ಮುಗಿದು ಹೋಗುತ್ತಿತ್ತು. ಬೀಗತನ ಉಳಿಯುತ್ತಿತ್ತು, ನಾನು ಹೋಗುತ್ತಿದ್ದೆ. ಸಾಹುಕಾರರು ಒಂದು ಹೆಜ್ಜೆ ಮುಂದೆ ಬಂದರು.

"ಹೇಳಿದ್ದು ನಾನೇ, ಉತ್ತಯ್ಯ" ಅಂದರು. "ಅವನದ್ದೇನೂ ಇಲ್ಲ."

ನಾನು ಆಮೇಲೆ ಆ ಮನುಷ್ಯನಿಂದ ಎಷ್ಟೋ ಬೈಗುಳ ತಿಂದಿದ್ದೇನೆ. ಯಾವುದೂ ಮನಸ್ಸಿಗೆ ನಾಟಲಿಲ್ಲ. ಆ ಒಂದು ಮಾತು ಸಾಕಾಗಿತ್ತು.

"ಕಾಫಿ ಗಿಡಕ್ಕೆ ಹೊಡೆಯೋದನ್ನ ನನಗೆ ಹೊಡೆದಿದ್ದೀಯಾ ಬೋಪಯ್ಯ!" ಕರ್ನಲ್ ಎದ್ದು ನಿಂತರು. "ಸೋಮು, ಜೀಪು ತೆಗಿ. ಈಗಲೇ ಹೊರಡುವ."

ಹೊರಡಲು ಆಗಲಿಲ್ಲ. ಶ್ರೀಮಂಗಲಕ್ಕೆ ಹೋಗಬೇಕಾದರೆ ದಾರಿಯುದ್ದಕ್ಕೂ ಅವರಿಗೆ ಸಲಾಮು ಹೊಡೆಯುವ ಪೇಟೆಗಳೇ. ಹಸಿರು ಮೀಸೆ ಇಟ್ಟುಕೊಂಡು ಹೋಗುವುದು ಹೇಗೆ? ಬೋಳಿಸಿಕೊಂಡು ಹೋಗುವುದು ಇನ್ನೂ ಹೇಗೆ? ಜೀಪಿನಲ್ಲಿ ಕೂತವರು ಯೋಚನೆ ಮಾಡಿ ಇಳಿದರು. ಮೀಸೆ ಸರಿಯಾಗುವವರೆಗೆ ಇಲ್ಲೇ ಇರುತ್ತೇನೆ, ಆದರೆ ಈ ಮನೆಯವರ ಯಾರ ಹತ್ತಿರವೂ ಮಾತಾಡುವುದಿಲ್ಲ ಅಂದರು.

ಮದ್ದು ಶುರುವಾಯಿತು. ಸೀಗೆ ಹಚ್ಚಿದೆವು. ಕೊಬ್ಬರಿ ಎಣ್ಣೆ ಹಚ್ಚಿದೆವು; ಹಸಿರು ಇನ್ನಷ್ಟು ಹೊಳೆಯಿತು. ನಿಂಬೆಹುಳಿ ಸ್ವಲ್ಪ ಹಿಡಿಯಿತು. ಹುಳಿ ಹಿಡಿಯುತ್ತದೆ ಅಂತ ಕಂಡ ಮೇಲೆ ಬೊಳ್ಳಮ್ಮ ಅಡಿಗೆಮನೆಯಿಂದ ಕಾಚಂಪುಳಿಯ ಬಾಟಲಿ ತಂದರು. ಹಂದಿ ಕರಿಗೆ ಹಾಕುತ್ತಾರಲ್ಲ, ಆ ಕಪ್ಪು ಹುಳಿ. ಅದಕ್ಕಿಂತ ಹುಳಿ ನಮ್ಮ ಸೀಮೆಯಲ್ಲಿ ಇಲ್ಲ. ಬೆಳಗ್ಗೆ ಸಂಜೆ ನಾನು ಬಟ್ಟೆ ಅದ್ದಿ ಅದ್ದಿ ಮೀಸೆಗೆ ಕಟ್ಟುತ್ತಿದ್ದೆ. ಹಸಿರು ನಿಜವಾಗಿ ಬಿಟ್ಟಿತು. ಆದರೆ ಕಾಚಂಪುಳಿಯ ಕಂದು ಬಣ್ಣ ಹಿಡಿಯಿತು, ವಾಸನೆಯೂ ಹಿಡಿಯಿತು. ಬಂಗಲೆಯ ನಾಯಿಗಳೆರಡೂ ಕರ್ನಲ್ ಹೋದಲ್ಲಿ ಹಿಂದೆ ಹೋಗುತ್ತಿದ್ದವು. ಅವರು ಕೂತರೆ ಎದುರು ಕೂತು ಜೊಲ್ಲು ಸುರಿಸುತ್ತಿದ್ದವು.

ದೊಡ್ಡವರು ಮಾತು ಬಿಟ್ಟಿದ್ದರಿಂದ ಚಿಕ್ಕವರ ಮೇಲೆ ಯಾರ ಗಮನವೂ ಇರಲಿಲ್ಲ. ಒಂದು ಬೆಳಗ್ಗೆ ನಾನು ತೊಟ್ಟಿ ಖಾಲಿ ಮಾಡಿ ಒಳಗೆ ಕೂತು ತಿಕ್ಕುತ್ತಿದ್ದೆ. ಪೊನ್ನಮ್ಮ, ಕ್ಯಾಪ್ಟನ್ ಇಬ್ಬರೂ ಬಾಯ್ಲರ್ ಪಕ್ಕದಲ್ಲಿ ನಿಂತು ಮಾತಾಡುತ್ತಿದ್ದರು. ನಾನು ಒಳಗಿರುವುದು ಅವರಿಗೆ ಗೊತ್ತಿರಲಿಲ್ಲ.

"ಮೀಸೆ ಹಸಿರಾಗಿದ್ದು ನಿಮಗೆ ಯಾವಾಗ ಗೊತ್ತಾಯ್ತು?" ಪೊನ್ನಮ್ಮನ ಧ್ವನಿ.

"ಹಿಂದಿನ ದಿನ ಸಂಜೆಯೇ."

"ಮತ್ತೆ ಹೇಳ್ಲಿಲ್ಲ?"

"ಅಪ್ಪನಿಗೆ ಹೇಗೆ ಹೇಳೋದು?"

"ನೀವು ಗಡಿಯಲ್ಲಿ ಗುಂಡಿಗೆ ಎದೆ ಕೊಟ್ಟು ನಿಂತಿರ್ತೀರಂತೆ."

"ಗಡಿಯಲ್ಲಿ ಅಪ್ಪ ಇರೋದಿಲ್ಲ" ಅಂದ ಕ್ಯಾಪ್ಟನ್, ಬಹಳ ಸತ್ಯವಾಗಿ.

ಅವಳು ನಗಲಿಲ್ಲ. "ನನ್ನ ಮೀಸೆ ಹಸಿರಾದ್ರೆ ನೀವು ನನಗೂ ಹೇಳೋದಿಲ್ಲ. ನನಗೆ ಅಂಥವರು ಬೇಡ" ಅಂತ ಹೇಳಿ ಹೋದಳು. ಕ್ಯಾಪ್ಟನ್ ಅಲ್ಲೇ ನಿಂತಿದ್ದ. ನಾನು ಕೆಮ್ಮಿದೆ. ಬಗ್ಗಿ ನೋಡಿದ.

"ಅವಳಿಗೆ ಮೀಸೆ ಎಲ್ಲಿದೆ?" ಅಂತ ನನ್ನನ್ನು ಕೇಳಿದ.

"ಅದಲ್ಲ ಸಾರ್ ವಿಷಯ" ಅಂದೆ.

ಅವತ್ತು ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ನಾಯಿಗಳು ಕರ್ನಲ್ ಕುರ್ಚಿಯ ಎರಡೂ ಬದಿಯಲ್ಲಿ. ಕ್ಯಾಪ್ಟನ್ ಎದ್ದು ನಿಂತ. ಪರೇಡಿನಲ್ಲಿ ನಿಂತ ಹಾಗೆ ನಿಂತಿದ್ದ.

"ಅಪ್ಪ, ನಿಮ್ಮ ಹತ್ತಿರ ಕೂರ್ಲಿಕ್ಕೆ ಆಗ್ತಾ ಇಲ್ಲ. ನಿಮ್ಮಿಂದ ಹಂದಿ ಕರಿ ವಾಸನೆ ಬರ್ತಾ ಇದೆ. ಮತ್ತೆ ಬೋಪಯ್ಯ ಅಂಕಲ್ ಹತ್ತಿರ ಮಾತು ಬಿಟ್ಟದ್ದು ಸರಿಯಲ್ಲ. ಅವರು ತಪ್ಪು ಒಪ್ಪಿಕೊಂಡಿದ್ದಾರೆ."

ಕುಞಿರಾಮ ಬಡಿಸುತ್ತಿದ್ದ ಸೌಟು ಗಾಳಿಯಲ್ಲೇ ನಿಂತಿತು. ಕರ್ನಲ್ ಮಗನನ್ನು ನೋಡಿದರು. ಆಮೇಲೆ ತಿರುಗಿ ಪೊನ್ನಮ್ಮನನ್ನು ನೋಡಿದರು.

"ಇವನಿಗೆ ಇದನ್ನು ಹೇಳ್ಲಿಕ್ಕೆ ಹೇಳಿದ್ದು ನೀನಾ?"

"ಇಲ್ಲ ಅಂಕಲ್. ಹಂದಿ ಕರಿ ಮಾತು ಅವರದ್ದೇ."

ಕರ್ನಲ್ ಮೀಸೆಯ ತುದಿ ಹಿಡಿದು ಮೂಗಿನ ಹತ್ತಿರ ತಂದು ಮೂಸಿದರು. ಹೊಟ್ಟೆ ಕುಲುಕಲು ಶುರುವಾಯಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಬೋಪಯ್ಯ," ಅಂದರು, "ಮದುವೆ ಬೇಗ ಮಾಡುವ. ನನ್ನ ಮನೆಯಲ್ಲಿ ನನಗೆ ನಿಜ ಹೇಳುವವರು ಒಬ್ಬರೂ ಇಲ್ಲ. ಈಗ ಒಂದೇ ಸಲಕ್ಕೆ ಇಬ್ಬರು ಆಗ್ತಾರೆ."

ಮದುವೆಯ ಹೊತ್ತಿಗೆ ಮೀಸೆ ಮತ್ತೆ ಹಾಲಿನಂತೆ ಬೆಳ್ಳಗಾಗಿತ್ತು.

ಆಮೇಲೆ ಕಾಲ ಬದಲಾಯಿತು. ಬ್ಲೀಚಿಂಗ್ ಪೌಡರ್ ಬಂತು. ಅದನ್ನು ಮೂಗು ಉರಿಯದಷ್ಟು ಹಾಕುವುದು ಕಲಿಯಲು ನಾಲ್ಕಾರು ಅತಿಥಿಗಳ ಕಣ್ಣು ಕೆಂಪಾಯಿತು. ಸೌದೆಯ ಬಾಯ್ಲರು ಹೋಗಿ ಡೀಸೆಲ್‌ನದ್ದು ಬಂತು, ಅದೂ ಹೋಗಿ ಕರೆಂಟಿನದ್ದು ಬಂತು. ಪಂಪು ಬಂದ ಮೇಲೆ ನನ್ನ ಉದ್ದ ಕೈಗೆ ಕೆಲಸ ಇಲ್ಲದಾಯಿತು. ಆದರೆ ಸವಿತಾ, ನೀರಿನ ಔಷಧಿ ಹದವಾಗಿದೆಯಾ ಅಂತ ಕಾಗದದ ಪಟ್ಟಿ ನೀರಿಗೆ ಅದ್ದಿ ಬಣ್ಣ ನೋಡುತ್ತೀಯಂತಲ್ಲ, ನೋಡು, ಒಳ್ಳೆಯದೇ. ಅದಕ್ಕೆ ಮೊದಲು ಕೂತವರ ಮುಖ ನೋಡು.

ನಾನು ಕೆಲಸ ಬಿಡುವ ದಿನ ಪೊನ್ನಮ್ಮ ಶ್ರೀಮಂಗಲದಿಂದ ಬಂದಿದ್ದಳು. ಆಗ ಅವಳ ತಲೆಯೂ ನೆರೆತಿತ್ತು. ಹಾರ ಹಾಕಿದರು, ಫೋಟೋ ತೆಗೆದರು. ಎಲ್ಲಾ ಮುಗಿದ ಮೇಲೆ ಅವಳು, "ನಂಜಣ್ಣ, ನೀವು ಯಾವತ್ತಾದ್ರೂ ಇದರೊಳಗೆ ಸ್ನಾನ ಮಾಡಿದ್ದೀರಾ?" ಅಂತ ಕೇಳಿದಳು.

ಇಲ್ಲ ಅಂದೆ. ಖಾಲಿ ತೊಟ್ಟಿಯಲ್ಲಿ ನಾನು ಕೂತಷ್ಟು ಯಾರೂ ಕೂತಿಲ್ಲ. ನೀರು ತುಂಬಿದ ಮೇಲೆ ಅದು ನನ್ನದಲ್ಲ.

"ಇವತ್ತು ಇಳಿಯಿರಿ. ನಾನು ಬಾಗಿಲ ಹೊರಗೆ ಇರ್ತೇನೆ" ಅಂದಳು.

ಪಕ್ಕದ ಬಚ್ಚಲಲ್ಲಿ ಮೈ ತೊಳೆದು ಇಳಿದೆ. ಬಿಸಿ ಮಂಡಿಗೆ ಏರಿತು, ಸೊಂಟಕ್ಕೆ ಏರಿತು. ಕುತ್ತಿಗೆಯವರೆಗೆ ಜಾರಿ ಕೂತು ಕಣ್ಣು ಮುಚ್ಚಿದೆ. ಇದಕ್ಕೇ ಜನ ಅಷ್ಟು ದೂರದಿಂದ ಬರುತ್ತಿದ್ದರು ಅಂತ ಅರ್ಥವಾಯಿತು. ಬಹಳ ಹೊತ್ತು ಹಾಗೇ ಇದ್ದೆ. ಆಮೇಲೆ ಕಣ್ಣು ತೆರೆದೆ.

ತೊಟ್ಟಿಯ ಮೇಲಂಚಿನ ಕಲ್ಲು ಒಳಗೆ ಸ್ವಲ್ಪ ಚಾಚಿಕೊಂಡಿದೆ. ನಾನು ಯಾವಾಗಲೂ ಅದನ್ನು ಮೇಲಿನಿಂದ ಒರೆಸಿದವನು, ಇಲ್ಲವೇ ತಳದಲ್ಲಿ ಬಗ್ಗಿ ತಿಕ್ಕಿದವನು. ನೀರಿನಲ್ಲಿ ಕೂತರೆ ಮಾತ್ರ ಆ ಕಲ್ಲಿನ ಅಡಿಭಾಗ ಸರಿಯಾಗಿ ಕಣ್ಣಿನ ಎದುರಿಗೆ ಬರುತ್ತದೆ. ಅಲ್ಲಿ ಸುತ್ತ ಒಂದು ಬಳೆಯ ಹಾಗೆ ಪಾಚಿ. ಹೊಸದಲ್ಲ, ದಪ್ಪ, ಕಪ್ಪು ಹಸಿರು, ಒಂದು ಕಡೆ ಸಣ್ಣ ಜರಿಗಿಡವೇ ಬೆಳೆದಿತ್ತು.

"ಪೊನ್ನಮ್ಮಾ!" ಅಂತ ಕೂಗಿದೆ. "ಈ ಅಂಚಿನ ಕೆಳಗೆ ಪಾಚಿ ಯಾವಾಗಿಂದ ಇದೆ?"

"ನಾನು ಚಿಕ್ಕವಳಿದ್ದಾಗಿಂದ ಇದೆ ನಂಜಣ್ಣ."

"ಎಲ್ಲರಿಗೂ ಕಾಣ್ತಿತ್ತಾ?"

"ಕಾಣ್ತಿತ್ತು."

"ಮತ್ತೆ ಒಂದು ಮಾತು ಹೇಳಬಾರದಿತ್ತಾ ತಾಯಿ?"

"ಅಷ್ಟು ಕಷ್ಟಪಟ್ಟು ತಿಕ್ತಾ ಇದ್ರಿ," ಅಂದಳು, "ಪಾಪ, ಬೇಜಾರಾಗ್ತದೆ ಅಂತ..."

ನೀರು ಹದವಾಗಿತ್ತು.

"ಸರಿ," ಅಂದೆ, "ಅಲ್ಲಿ ಮೊಳೆಗೆ ನಾರು ಸಿಕ್ಕಿಸಿದೆ, ಅದನ್ನು ಇತ್ತ ಎಸೆಯವ್ವ."